ಸರದಿಯ ಚೀಟಿಯಿಂದ ಶೋರೂಮಿನ ಚೀಟಿಯವರೆಗೆ

2022ರ ದಸರೆಗೆ ಹದಿನೈದು ದಿನವಿರುವಾಗ ಮುಂಬಯಿಯ ಉಪನಗರವೊಂದರ ಕಾರು ಮಳಿಗೆಯಲ್ಲಿ ಕುಳಿತು ನಾವು ಒಂದು ಹಾಳೆಯನ್ನು ಓದುತ್ತಿದ್ದೆವು. ಅದರ ತಲೆಯ ಮೇಲೆ ‘ಆನ್ ರೋಡ್ ಪ್ರೈಸ್’ ಎಂದಿತ್ತು. ಕೆಳಗೆ ಹನ್ನೊಂದು ಸಾಲುಗಳು. ಮೊದಲ ಸಾಲು ಕಾರಿನ ಬೆಲೆ. ನಂತರದ ಎರಡು ಮೂರು ಸಾಲುಗಳು ಸರ್ಕಾರಕ್ಕೆ ಸಲ್ಲುವ ತೆರಿಗೆ ಮತ್ತು ನೋಂದಣಿ ಶುಲ್ಕ. ಉಳಿದವು ಒಂದೇ ನೋಟಕ್ಕೆ ಅರ್ಥವಾಗುವಂತಿರಲಿಲ್ಲ: ವಿಮೆ, ಹ್ಯಾಂಡ್ಲಿಂಗ್ ಚಾರ್ಜು, ‘ಎಸೆನ್ಷಿಯಲ್ ಕಿಟ್’, ಹೆಚ್ಚುವರಿ ವಾರಂಟಿ, ಬಣ್ಣದ ಮೇಲಿನ ಲೇಪನ, ಕೊನೆಗೆ ‘ಇತರೆ’. ನಾವು ವೃತ್ತಿಯಿಂದ ಕೇಂದ್ರ ಸರ್ಕಾರದ ನೌಕರರು. ಇಂತಹ ಸಾಲುಗಳ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಡತವನ್ನು ಹಿಂದಕ್ಕೆ ಕಳುಹಿಸುವುದು ನಮ್ಮ ದಿನನಿತ್ಯದ ಕೆಲಸ. ಆದ್ದರಿಂದ ವಿಮೆಯ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ನಾವು ಹೊರಗಡೆ ಮಾಡಿಸಿಕೊಳ್ಳುತ್ತೇವೆ ಎಂದೆವು.

ಎದುರಿಗಿದ್ದ ತರುಣ ವಿನಯದಿಂದಲೇ ಉತ್ತರಿಸಿದ: “ಮಾಡಿಸಿಕೊಳ್ಳಬಹುದು ಸರ್. ಆದರೆ ಹಾಗಾದರೆ ದಸರೆಗೆ ಗಾಡಿ ಸಿಗುವುದು ಕಷ್ಟ.”

‘ಸಿಗುವುದು’ ಎಂಬ ಆ ಮಾತು ನಮ್ಮನ್ನು ಅಲ್ಲಿಂದ ನಲವತ್ತು ವರ್ಷ ಹಿಂದಕ್ಕೆ ಕರೆದೊಯ್ದಿತು. ನಮ್ಮ ತಂದೆತಾಯಿಯರ ಕಾಲದಲ್ಲಿ ಸ್ಕೂಟರನ್ನಾಗಲಿ ಕಾರನ್ನಾಗಲಿ ಯಾರೂ ‘ಕೊಳ್ಳುತ್ತಿರಲಿಲ್ಲ’. ಅದು ‘ಸಿಗುತ್ತಿತ್ತು’, ‘ಅಲಾಟ್ ಆಗುತ್ತಿತ್ತು’, ಪುಣ್ಯವಿದ್ದರೆ ‘ನಂಬರ್ ಬರುತ್ತಿತ್ತು’. ಹಣ ಕೊಡುವವನು ಕೈಯೊಡ್ಡಿ ನಿಲ್ಲುವ ವ್ಯವಹಾರವದು. ಆ ಕಾಲ ಮುಗಿಯಿತೆಂದು ನಾವು ನಂಬಿದ್ದೆವು. ಹಾಗಾದರೆ ಇಷ್ಟೊಂದು ಕಂಪನಿಗಳು, ಇಷ್ಟೊಂದು ಮಾದರಿಗಳು ಇರುವ ಈ ದಿನಗಳಲ್ಲಿ ಆ ಕ್ರಿಯಾಪದ ಮಳಿಗೆಯ ಮೇಜಿನ ಮೇಲೆ ಮತ್ತೆ ಹೇಗೆ ಬಂದು ಕುಳಿತಿತು? ಈ ಬರಹ ಆ ಪ್ರಶ್ನೆಯ ಜಾಡು ಹಿಡಿದು ಹೊರಟಿದೆ.

ಅಂಕೆಯ ಕಾಲ

ಭಾರತದಲ್ಲಿ ಮೋಟಾರು ಮಾರಾಟದ ಮೊದಲ ಅಧ್ಯಾಯ ಆಮದಿನದು. 1926ರಲ್ಲಿ ಫೋರ್ಡ್, 1928ರಲ್ಲಿ ಜನರಲ್ ಮೋಟಾರ್ಸ್ ಕಂಪನಿಗಳು ಇಲ್ಲಿ ನೆಲೆಯೂರಿದವು. ಬಿಡಿಭಾಗಗಳು ಹಡಗಿನಲ್ಲಿ ಬರುತ್ತಿದ್ದವು. ಜನರಲ್ ಮೋಟಾರ್ಸ್ ನಮ್ಮ ಮುಂಬಯಿಯ ಶಿವಡಿಯಲ್ಲಿಯೇ ಅವುಗಳನ್ನು ಜೋಡಿಸುತ್ತಿತ್ತು. ಕೊಳ್ಳುವವರು ಸಂಸ್ಥಾನಿಕರು, ದೊರೆಗಳು, ಕೆಲವು ಡಾಕ್ಟರರು ಮತ್ತು ವಕೀಲರು. ಮಾರುವವರು ದೊಡ್ಡ ಏಜೆನ್ಸಿಗಳವರು.

ಇಲ್ಲೇ ಕಾರನ್ನು ತಯಾರಿಸಬೇಕೆಂಬ ಕನಸಿಗೆ ಕನ್ನಡದ ನಂಟಿದೆ. ದಿವಾನಗಿರಿಯಿಂದ ನಿವೃತ್ತರಾಗಿ ಬಹುಕಾಲವಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪ್ ಮತ್ತು ಅಮೆರಿಕಗಳಲ್ಲಿ ಸಂಚರಿಸಿ, ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು, ಮುಂಬಯಿಯಲ್ಲಿ ಅಂತಹದೊಂದನ್ನು ಸ್ಥಾಪಿಸುವ ಯೋಜನೆ ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡವರು ಉದ್ಯಮಿ ವಾಲಚಂದ್ ಹೀರಾಚಂದ್. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ 1939ರಲ್ಲಿ ರಾಜೀನಾಮೆ ಕೊಟ್ಟ ಬಳಿಕ ಯೋಜನೆಯ ಕಣ್ಣು ಮೈಸೂರಿನತ್ತ ತಿರುಗಿತು. ಮೈಸೂರು ಸರ್ಕಾರ ಒಲವು ತೋರಿದರೂ ಬ್ರಿಟಿಷರು ಅದಕ್ಕೆ ಸಮ್ಮತಿಸಲಿಲ್ಲ. ಕೊನೆಗೆ 1944ರಲ್ಲಿ ವಾಲಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಅದಕ್ಕೆ ಎರಡು ವರ್ಷ ಮೊದಲು, 1942ರಲ್ಲಿ, ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ ಸ್ಥಾಪನೆಯಾಗಿತ್ತು. ಮೂರನೆಯದು ಮದರಾಸಿನ ಸ್ಟ್ಯಾಂಡರ್ಡ್.

1953ರಲ್ಲಿ ತೆರಿಗೆ ಆಯೋಗ, ಎಂದರೆ ಟ್ಯಾರಿಫ್ ಕಮಿಷನ್, ಬರಿಯ ಜೋಡಣೆ ಸಾಲದು, ತಯಾರಿಕೆಯ ಕಾರ್ಯಕ್ರಮವಿರುವವರು ಮಾತ್ರ ಉಳಿಯಲಿ ಎಂದು ಶಿಫಾರಸು ಮಾಡಿತು. ವಿದೇಶಿ ಕಂಪನಿಗಳು ಗಂಟುಮೂಟೆ ಕಟ್ಟಿದವು. ಆ ನಿರ್ಧಾರದ ಹಿಂದೆ ದೇಶದ ಉದ್ಯಮವನ್ನು ಬೆಳೆಸುವ ಪ್ರಾಮಾಣಿಕ ಆಸೆಯಿತ್ತು. ಆದರೆ ಅದರ ಫಲವಾಗಿ ಕಾರು ಬೇಕೆಂದ ಭಾರತೀಯನ ಮುಂದೆ ಮುಂದಿನ ಮೂರು ದಶಕ ಉಳಿದದ್ದು ಮೂರೇ ಹೆಸರು: ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್. ಎಷ್ಟು ತಯಾರಿಸಬೇಕೆಂಬುದಕ್ಕೆ ಪರವಾನಗಿ ಬೇಕಾಗಿತ್ತು. ಬೇಡಿಕೆ ಬೆಳೆದರೂ ಪೂರೈಕೆ ಬೆಳೆಯುವಂತಿರಲಿಲ್ಲ.

ಕೊರತೆಯಿದ್ದಲ್ಲಿ ಕಾಳಸಂತೆ ಇದ್ದೇ ಇರುತ್ತದೆ. ಅದನ್ನು ತಡೆಯಲು ಸರ್ಕಾರ 1959ರಲ್ಲಿ ಮೋಟಾರು ಕಾರುಗಳ ವಿತರಣೆ ಮತ್ತು ಮಾರಾಟ ನಿಯಂತ್ರಣ ಆದೇಶವನ್ನೂ, 1960ರಲ್ಲಿ ಸ್ಕೂಟರುಗಳಿಗೆ ಅಂತಹದೇ ಆದೇಶವನ್ನೂ ಹೊರಡಿಸಿತು. ಡೀಲರನು ನೋಂದಣಿ ಪುಸ್ತಕವಿಟ್ಟು, ಹೆಸರು ಬರೆಸಿದವರಿಗೆ ಸರದಿಯಂತೆಯೇ ಗಾಡಿ ಕೊಡಬೇಕು. ಒಂದು ಪಾಲು ಸರ್ಕಾರದ ಕೋಟಾಕ್ಕೆ. ಹೆಸರು ಬರೆಸುವವನು ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಠೇವಣಿಯಿಟ್ಟು ಆ ಪುಸ್ತಕವನ್ನು ಅಡವಿಡಬೇಕು. ಮುಂದೆ ಕಾರಿನ ಬೆಲೆಯನ್ನೂ ಸರ್ಕಾರವೇ ನಿಗದಿ ಮಾಡಿದಾಗ ತಯಾರಕರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಪ್ರೀಮಿಯರ್ ಆಟೊಮೊಬೈಲ್ಸ್ ಹೂಡಿದ ಆ ವ್ಯಾಜ್ಯದ ತೀರ್ಪು ಬಂದದ್ದು 1971ರಲ್ಲಿ. ಕಾರೊಂದರ ನ್ಯಾಯವಾದ ಬೆಲೆ ಎಷ್ಟು, ಡೀಲರನ ಪಾಲು ಎಷ್ಟು ಎಂಬುದನ್ನು ನ್ಯಾಯಾಲಯದಲ್ಲಿ ಲೆಕ್ಕಹಾಕಿದ ಕಾಲವದು.

ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಏರ್ಪಾಟು ಇನ್ನೊಂದಿಲ್ಲ. ಬೆಲೆ ಎಲ್ಲರಿಗೂ ಒಂದೇ, ಸರದಿಯಲ್ಲಿ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ಆದರೆ ಆ ಸರದಿಯ ಪುಸ್ತಕ ಯಾರ ಕಪಾಟಿನಲ್ಲಿತ್ತು? ಡೀಲರನ ಕಪಾಟಿನಲ್ಲಿ. ನಂಬರ್ ಎಲ್ಲಿಗೆ ಬಂತು ಎಂದು ಕೇಳಿದವನಿಗೆ ‘ಮುಂದಿನ ತಿಂಗಳು ಬನ್ನಿ’ ಎನ್ನುವ ಅಧಿಕಾರ ಅವನದು. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ಕತೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

ನಮ್ಮ ಹೆಸರಿನ ಸ್ಕೂಟರು

ನಮ್ಮ ತಂದೆಯವರೂ ಕೇಂದ್ರ ಸರ್ಕಾರದ ನೌಕರರೇ. ಹುಬ್ಬಳ್ಳಿಯಲ್ಲಿದ್ದಾಗ, ಎಪ್ಪತ್ತರ ದಶಕದ ನಡುವೆ, ಬಜಾಜ್ ಸ್ಕೂಟರಿಗೆ ಹೆಸರು ಬರೆಸಿದ್ದರು. ಪುಣೆಯ ಆಕುರ್ಡಿಯಲ್ಲಿ ತಯಾರಾಗುತ್ತಿದ್ದ ಬಜಾಜ್ ‘ಚೇತಕ್’ 1972ರಲ್ಲಿ ಬಂದಿತ್ತು. ಅದಕ್ಕಾಗಿ ಏಳೆಂಟು ವರ್ಷ, ಹತ್ತು ವರ್ಷ ಕಾದವರಿದ್ದರು. ವಿದೇಶದಲ್ಲಿ ಅಣ್ಣನೋ ಮಾವನೋ ಇದ್ದು ವಿದೇಶಿ ಹಣ ಕಳುಹಿಸಿದರೆ ಬೇಗ ಸಿಗುತ್ತಿತ್ತು. ಮದುವೆಯ ಮಾತುಕತೆಯಲ್ಲಿ ಸ್ಕೂಟರಿನ ಬದಲು ಸರದಿಯ ಚೀಟಿಯನ್ನೇ ವರದಕ್ಷಿಣೆಯ ಲೆಕ್ಕಕ್ಕೆ ಹಿಡಿದದ್ದನ್ನು ಹಿರಿಯರು ನೆನೆಯುತ್ತಾರೆ.

ತಂದೆಯವರ ನಂಬರ್ ಬಂದದ್ದು 1982ರಲ್ಲಿ, ನಾವು ಎರಡು ವರ್ಷದ ಕೂಸಾಗಿದ್ದಾಗ. ಅಲಾಟ್‌ಮೆಂಟ್ ಪತ್ರ ಮನೆಗೆ ಬಂದ ವಾರದಲ್ಲೇ ಅರಿವೆ ಅಂಗಡಿಯ ವ್ಯಾಪಾರಿಯೊಬ್ಬರು ಮನೆಗೆ ಬಂದು ಕುಳಿತರಂತೆ. ಗಾಡಿಯ ಪೂರ್ತಿ ಬೆಲೆ ಅವರದೇ. ಅದರ ಮೇಲೆ ತಂದೆಯವರ ಕೆಲವು ತಿಂಗಳ ಸಂಬಳಕ್ಕೆ ಸಮನಾದ ‘ಆನ್’. ಆ ಕಾಲದ ವ್ಯಾಪಾರದ ಭಾಷೆಯಲ್ಲಿ ಸರ್ಕಾರಿ ಬೆಲೆಯ ಮೇಲಿನ ಕಪ್ಪು ಮೊತ್ತಕ್ಕೆ ಅದೇ ಹೆಸರು. ಅಜ್ಜಿಯ ಕಣ್ಣಿನ ಆಪರೇಷನ್ ಮುಂದೂಡುತ್ತಲೇ ಬಂದಿತ್ತು. ತಂದೆಯವರು ಖಾಲಿ ವರ್ಗಾವಣೆ ಅರ್ಜಿಗೆ ಸಹಿ ಹಾಕಿಕೊಟ್ಟರು. ಇದು ಮನೆಯಲ್ಲಿ ಎಂದೂ ಮಾತಿಗೆ ಬರದ ಸಂಗತಿ. ಅವರು ತೀರಿಕೊಂಡ ಮೇಲೆ ಹಳೆಯ ಕಾಗದಗಳ ನಡುವೆ ಆ ಅಂಚೆ ಪುಸ್ತಕ ಸಿಕ್ಕಾಗಲಷ್ಟೇ ಅವ್ವ ಬಾಯಿಬಿಟ್ಟರು: “ನಮ್ಮ ಹೆಸರಿನ ಗಾಡಿ ಊರತುಂಬ ಓಡ್ಯಾಡತಿತ್ತು. ನಿಮ್ಮಪ್ಪಾರು ಸೈಕಲ್ ಮ್ಯಾಲೆ ಹೊಂಟಾಗ ಎದುರಿಗೆ ಬಂದ್ರ ಮುಖ ಹೊಳ್ಳಿಸ್ತಿದ್ರು.”

ತಂದೆಯವರನ್ನು ದೂರುವುದಕ್ಕೂ ಸಮರ್ಥಿಸುವುದಕ್ಕೂ ಇದನ್ನು ಬರೆಯುತ್ತಿಲ್ಲ. ಆಫೀಸಿನಲ್ಲಿ ಒಂದು ಪೆನ್ಸಿಲನ್ನೂ ಮನೆಗೆ ತರದ ಮನುಷ್ಯ ಅವರು. ಕೊರತೆಯ ವ್ಯವಸ್ಥೆ ಮಾಡುತ್ತಿದ್ದುದು ಇದನ್ನೇ. ಏಳು ವರ್ಷ ಕಾಯಿಸಿ ಅನ್ಯಾಯ ಮಾಡುತ್ತಿತ್ತು. ಕೊನೆಯ ದಿನ ಆ ಅನ್ಯಾಯದಲ್ಲಿ ಒಂದು ಪಾಲನ್ನೂ ಕೊಟ್ಟು ಬಾಯಿ ಮುಚ್ಚಿಸುತ್ತಿತ್ತು. ಡೀಲರ್, ದಲ್ಲಾಳಿ, ಸರದಿಯಲ್ಲಿ ನಿಂತವನು, ಎಲ್ಲರಿಗೂ ಅದರಲ್ಲಿ ಅಷ್ಟಿಷ್ಟು ದಕ್ಕುತ್ತಿದ್ದುದರಿಂದಲೇ ಅದು ಅಷ್ಟು ದೀರ್ಘಕಾಲ ಬಾಳಿತು.

ಮಾರುತಿಯ ವರ್ಷ

1981ರ ಫೆಬ್ರುವರಿಯಲ್ಲಿ ಸರ್ಕಾರಿ ಕಂಪನಿಯಾಗಿ ಮಾರುತಿ ಉದ್ಯೋಗ್ ಸ್ಥಾಪನೆಯಾಯಿತು. ಮರುವರ್ಷ ಜಪಾನಿನ ಸುಜುಕಿಯೊಡನೆ ಒಪ್ಪಂದವಾಯಿತು. 1983ರ ಏಪ್ರಿಲಿನಲ್ಲಿ ₹10,000 ಮುಂಗಡದೊಡನೆ ಬುಕಿಂಗ್ ತೆರೆದಾಗ ಎರಡು ತಿಂಗಳಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಹಣ ಕಟ್ಟಿದರು. ಕಾರಿನ ಬೆಲೆಯೇ ₹50,000ದ ಆಸುಪಾಸಿನಲ್ಲಿದ್ದಾಗ, ಇನ್ನೂ ರಸ್ತೆಗಿಳಿಯದ ಗಾಡಿಗೆ ಹತ್ತು ಸಾವಿರ ಕಟ್ಟುವುದೆಂದರೆ ಆ ಜನರ ಬಯಕೆ ಎಷ್ಟಿದ್ದಿರಬೇಕು! 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈ ಕೊಟ್ಟದ್ದು ದೆಹಲಿಯ ಒಬ್ಬ ಸಾಮಾನ್ಯ ನೌಕರನಿಗೆ, ಚೀಟಿ ಎತ್ತುವಿಕೆಯಲ್ಲಿ ಹೆಸರು ಬಂದವನಿಗೆ.

ಆ ಲಾಟರಿಯ ಮಹತ್ವವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮಾರುತಿಯ ಗುಣಗಾನವೆಲ್ಲ ಅದರ ಇಂಜಿನಿಗೆ, ಅದರ ಮೈಲೇಜಿಗೆ. ಆದರೆ ಕೊಳ್ಳುವವನ ದೃಷ್ಟಿಯಿಂದ ನೋಡಿದರೆ ಹೊಸತು ಇನ್ನೊಂದಿತ್ತು. ಸರದಿಯನ್ನು ತೀರ್ಮಾನಿಸುವ ಕೆಲಸ ಡೀಲರನ ಕಪಾಟಿನಿಂದ ಹೊರಗೆ ಬಂದು ಕಂಪ್ಯೂಟರಿನ ಕೈಗೆ ಹೋಯಿತು. ಕೊರತೆ ನಿವಾರಣೆಯಾಗಲಿಲ್ಲ. ಮಾರುತಿಗೂ ‘ಆನ್’ ಇತ್ತು, ಅಲಾಟ್‌ಮೆಂಟ್ ಮಾರಾಟವಿತ್ತು. ಆದರೂ ಸರದಿ ಎಂಬುದು ಎಲ್ಲರೂ ನೋಡಬಹುದಾದ ಸಂಗತಿಯಾಗಬಲ್ಲುದು ಎಂದು ದೇಶಕ್ಕೆ ಮೊದಲ ಬಾರಿ ತಿಳಿಯಿತು.

ಕಾನೂನಿನ ಕಣ್ಣು

ಇಷ್ಟು ಕಾಲವೂ ಕಾನೂನು ಕಣ್ಣುಮುಚ್ಚಿ ಕುಳಿತಿತ್ತೆಂದು ಹೇಳಲಾಗದು. 1969ರಲ್ಲೇ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆ ಬಂದಿತ್ತು. ಅದರಡಿ ನಡೆದ ಒಂದು ಪ್ರಸಿದ್ಧ ಪ್ರಕರಣ ಟಾಟಾ ಲಾರಿಗಳದು. ಟೆಲ್ಕೊ ಕಂಪನಿ ಪ್ರತಿ ಡೀಲರನಿಗೂ ಒಂದು ಪ್ರದೇಶವನ್ನು ಹಂಚಿಕೊಟ್ಟು, ಅದರಾಚೆ ಮಾರಕೂಡದೆಂದು ಕಟ್ಟಳೆ ಮಾಡಿತ್ತು. ಇದು ಸ್ಪರ್ಧೆಗೆ ಅಡ್ಡಿಯಲ್ಲವೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1977ರ ತೀರ್ಪು ಅಡ್ಡಿಯಲ್ಲವೆಂದಿತು. ಲಾರಿಗಳಿಗೆ ಅಭಾವವಿರುವಾಗ ಪ್ರದೇಶ ಹಂಚಿಕೆಯಿಲ್ಲದಿದ್ದರೆ ಎಲ್ಲ ಲಾರಿಗಳೂ ದೊಡ್ಡ ಊರುಗಳ ಪಾಲಾಗುತ್ತವೆ, ದೇಶದ ಮೂಲೆಗಳಿಗೂ ಸಮನಾಗಿ ತಲುಪಬೇಕಾದರೆ ಇಂತಹ ಹಂಚಿಕೆ ಬೇಕು ಎಂಬುದು ಅದರ ತರ್ಕ.

ಆ ತರ್ಕದಲ್ಲಿ ಹುರುಳಿದೆ. ಆದರೆ ಅದರೊಳಗೆ ಒಂದು ಯುಗದ ನಂಬಿಕೆಯೂ ಅಡಗಿದೆ: ಕೊಳ್ಳುವವನಿಗೆ ಮೊದಲು ಬೇಕಾದದ್ದು ವಸ್ತು, ಆಯ್ಕೆ ಆಮೇಲಿನ ಮಾತು. 1984ರ ತಿದ್ದುಪಡಿಯಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಪರಿಕಲ್ಪನೆ ಕಾಯಿದೆಯೊಳಗೆ ಬಂದಿತು. 1986ರ ಡಿಸೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ಜಿಲ್ಲೆಯ ಮಟ್ಟದಲ್ಲಿ, ವಕೀಲರಿಲ್ಲದೆಯೂ, ಕೊಂಡವನೇ ಹೋಗಿ ದೂರು ಕೊಡಬಹುದಾದ ವೇದಿಕೆ ಹುಟ್ಟಿತು. ಒಂದು ವಸ್ತುವನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂಬ ಷರತ್ತು ‘ನಿರ್ಬಂಧಕ ವ್ಯಾಪಾರ’ ಎಂಬ ಮಾತು ಆ ಕಾಯಿದೆಯಲ್ಲೂ, ಅದರ ಸ್ಥಾನದಲ್ಲಿ 2020ರ ಜುಲೈಯಿಂದ ಜಾರಿಗೆ ಬಂದ 2019ರ ಕಾಯಿದೆಯಲ್ಲೂ ಇದೆ. ನಮ್ಮ ಹನ್ನೊಂದು ಸಾಲಿನ ಹಾಳೆಗೆ ಈ ಮಾತು ನೇರವಾಗಿ ಸಂಬಂಧಿಸಿದ್ದು.

ಶೋರೂಮಿನ ಕಾಲ

1991ರ ಜುಲೈಯ ಕೈಗಾರಿಕಾ ನೀತಿಯಲ್ಲಿ ಪರವಾನಗಿಯ ಕೋಟೆ ಒಡೆಯಿತು. 1993ರಲ್ಲಿ ಕಾರು ತಯಾರಿಕೆಗೂ ಪರವಾನಗಿ ಬೇಡವಾಯಿತು. ದೇವೂ ಬಂತು, ಫೋರ್ಡ್ ಮರಳಿ ಬಂತು, 1998ರಲ್ಲಿ ಹ್ಯುಂಡೈ ಸ್ಯಾಂಟ್ರೊ ಮತ್ತು ವರ್ಷದ ಕೊನೆಗೆ ಟಾಟಾ ಇಂಡಿಕಾ ಬಂದವು. ಬ್ಯಾಂಕುಗಳು ಸಾಲ ಹಿಡಿದು ಮನೆ ಬಾಗಿಲಿಗೆ ಬಂದವು. ಎಣ್ಣೆಯ ಕಮಟು ವಾಸನೆಯ ಹಳೆಯ ಮೋಟಾರು ಏಜೆನ್ಸಿ ಹೋಗಿ, ಗಾಜಿನ ಗೋಡೆಯ, ತಣ್ಣನೆಯ ಗಾಳಿಯ ಶೋರೂಮು ಬಂತು. ಸರದಿಯಲ್ಲಿ ನಿಲ್ಲಿಸುತ್ತಿದ್ದವನು ಕುರ್ಚಿ ಎಳೆದು ಕೂರಿಸಿ ಕಾಫಿ ಕೊಟ್ಟ.

ಅಧಿಕಾರ ಆಗ ನಿಜಕ್ಕೂ ಕೊಳ್ಳುವವನ ಕೈಗೆ ಬಂದಿತೆ? ಅರ್ಧದಷ್ಟು ಬಂದಿತು. ಯಾವ ಕಂಪನಿಯ ಕಾರು, ಯಾವ ಬಣ್ಣ ಎಂಬುದನ್ನು ಆತ ತೀರ್ಮಾನಿಸಬಲ್ಲ. ಆದರೆ ಕಾರನ್ನು ಆರಿಸುವುದು ಒಂದು, ವ್ಯವಹಾರದ ಷರತ್ತುಗಳನ್ನು ಆರಿಸುವುದು ಇನ್ನೊಂದು. ಈ ಎರಡನೆಯದರಲ್ಲಿ ಆತ ಈಗಲೂ ಬಹುಮಟ್ಟಿಗೆ ಎದುರಿನವನು ಹೇಳಿದ್ದನ್ನು ಕೇಳುವವನೇ. ಇದಕ್ಕೆ ಕಾರಣ ಡೀಲರನ ದುರಾಸೆಯೊಂದೇ ಎಂದರೆ ವಿಷಯ ಅರ್ಥವಾಗುವುದಿಲ್ಲ. ಸ್ಪರ್ಧೆ ಹೆಚ್ಚಿದಂತೆ ಹೊಸ ಕಾರಿನ ಮೇಲಿನ ಡೀಲರನ ಲಾಭಾಂಶ ತೆಳುವಾಯಿತು. ಬಾಡಿಗೆ, ಬಡ್ಡಿ, ದಾಸ್ತಾನು, ಕಂಪನಿ ವಿಧಿಸುವ ತಿಂಗಳ ಗುರಿ, ಎಲ್ಲವೂ ಅವನ ತಲೆಯ ಮೇಲೆ. ಆದ್ದರಿಂದ ಸಂಪಾದನೆ ಕಾರಿನಿಂದ ಕಾರಿನ ಸುತ್ತಲಿನ ಸಾಮಗ್ರಿಗೆ ಸರಿಯಿತು: ವಿಮೆಯ ಕಮಿಷನ್, ಸಾಲದ ಕಮಿಷನ್, ಬಿಡಿ ಅಲಂಕಾರಗಳು, ಸರ್ವಿಸು. ಮಾರಾಟದ ಹುಡುಗನ ಪ್ರೋತ್ಸಾಹಧನವೂ ಇವುಗಳಿಗೇ ಅಂಟಿಕೊಂಡಿತು.

ತಯಾರಕರೂ ಇದರಿಂದ ಹೊರತಲ್ಲ. ಭಾರತೀಯ ಸ್ಪರ್ಧಾ ಆಯೋಗದ ಮೂರು ಆದೇಶಗಳು ಈ ಒಳಜಗತ್ತಿನ ಕಿಟಕಿಗಳು. ಮೊದಲನೆಯದು 2014ರ ಆಗಸ್ಟಿನದು. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಬಿಡದೆ, ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿ ಹೋಗುತ್ತದೆಂದು ಕೊಂಡವರನ್ನು ಕಟ್ಟಿಹಾಕಿದ್ದಕ್ಕಾಗಿ 14 ಕಂಪನಿಗಳಿಗೆ ಒಟ್ಟು ₹2,544.65 ಕೋಟಿ ದಂಡ ವಿಧಿಸಿತು. ಎರಡನೆಯದು 2017ರಲ್ಲಿ ಹ್ಯುಂಡೈಗೆ ವಿಧಿಸಿದ ₹87 ಕೋಟಿ. ಡೀಲರರು ಕೊಡುವ ರಿಯಾಯಿತಿಗೆ ಮಿತಿ ಹಾಕಿದರೆಂಬುದು ಒಂದು ಮುಖ್ಯ ಆರೋಪ. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ರದ್ದುಪಡಿಸಿತು. ಮೂರನೆಯದು 2021ರ ಆಗಸ್ಟಿನಲ್ಲಿ ಮಾರುತಿಗೆ ವಿಧಿಸಿದ ₹200 ಕೋಟಿ. ಅದರ ವಿರುದ್ಧವೂ ಕಂಪನಿ ಮೇಲ್ಮನವಿ ಸಲ್ಲಿಸಿತು.

ಈ ಮೂರನೆಯ ಪ್ರಕರಣದ ವಿವರಗಳು ಓದುವಂತಹವು. ಇದು ಮೊದಲಾದದ್ದು ಡೀಲರನೆಂದು ಹೇಳಿಕೊಂಡ ಅನಾಮಧೇಯನೊಬ್ಬ ಬರೆದ ಇ-ಮೇಲಿನಿಂದ. ಆಯೋಗ ಕಂಡುಕೊಂಡಂತೆ, ಕಂಪನಿ ನಿಗದಿ ಮಾಡಿದ ಮಿತಿಗಿಂತ ಹೆಚ್ಚು ರಿಯಾಯಿತಿಯನ್ನು ಯಾವ ಡೀಲರನೂ ಕೊಡಕೂಡದಾಗಿತ್ತು. ಕೊಟ್ಟವರನ್ನು ಹಿಡಿಯಲು ಗಿರಾಕಿಗಳ ವೇಷದಲ್ಲಿ ಜನರನ್ನು ಕಳುಹಿಸಲಾಗುತ್ತಿತ್ತು. ಅವರು ಚೌಕಾಸಿ ಮಾಡಿ, ಕೊಟ್ಟ ರಿಯಾಯಿತಿಯನ್ನು ದಾಖಲಿಸಿಕೊಂಡು ಹೋಗುತ್ತಿದ್ದರು. ಸಿಕ್ಕಿಬಿದ್ದರೆ ಡೀಲರನಿಗೂ ದಂಡ, ಮಾರಾಟದ ನೌಕರನಿಗೂ ದಂಡ. ನಮ್ಮ ಮುಂದೆ ಕುಳಿತು ‘ಇದಕ್ಕಿಂತ ಒಂದು ರೂಪಾಯಿ ಕಡಿಮೆ ಮಾಡಲು ನನ್ನ ಕೈಯಲ್ಲಿಲ್ಲ ಸರ್’ ಎನ್ನುವ ಹುಡುಗ ಸುಳ್ಳನೇ ಆಗಿರಬೇಕೆಂದಿಲ್ಲ. 1959ರಲ್ಲಿ ಮಾರಾಟಕ್ಕೆ ಅಂಕೆ ಹಾಕಿದ್ದು ಸರ್ಕಾರ, ಗೆಜೆಟ್ಟಿನಲ್ಲಿ ಪ್ರಕಟಿಸಿ ಹಾಕಿತ್ತು. ಹೊಸ ಕಾಲದ ಅಂಕೆ ಯಾರ ಕಣ್ಣಿಗೂ ಬೀಳದೆ ನಡೆಯಿತು. ಅನಾಮಧೇಯ ಪತ್ರವೊಂದು ಬರದಿದ್ದರೆ ಹೊರಬರುತ್ತಿತ್ತೋ ಇಲ್ಲವೋ.

ವಿಮೆಯ ಕತೆಯೂ ಇಂತಹುದೇ. ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲಿ ಡೀಲರರಿಗೆ ನಿಯಮಗಳನ್ನು ರೂಪಿಸಿ ಅದೇ ನವೆಂಬರಿನಿಂದ ಜಾರಿಗೆ ತಂದಿತು. ಡೀಲರನು ವಿಮೆ ಮಾರಬಹುದು, ಆದರೆ ತನ್ನಲ್ಲೇ ಮಾಡಿಸಬೇಕೆಂದು ಒತ್ತಾಯಿಸುವಂತಿಲ್ಲ. ಹೊಸ ಕಾರಿಗೆ ಮೂರು ವರ್ಷದ ಮೂರನೆಯ ವ್ಯಕ್ತಿ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯ. ಅದನ್ನು ಎಲ್ಲಿ ಕೊಳ್ಳಬೇಕೆಂಬುದು ಮಾತ್ರ ಕಡ್ಡಾಯವಲ್ಲ. ‘ಕಡ್ಡಾಯ’ ಎಂಬ ಒಂದೇ ಪದವನ್ನು ಎರಡಕ್ಕೂ ಅಂಟಿಸಿ ಹೇಳುವುದರಲ್ಲಿದೆ ಮಾರಾಟದ ಜಾಣ್ಮೆ. ಹ್ಯಾಂಡ್ಲಿಂಗ್ ಚಾರ್ಜಿನ ವಿಷಯದಲ್ಲಿ ಹಲವು ರಾಜ್ಯಗಳ ಸಾರಿಗೆ ಇಲಾಖೆಗಳು ಡೀಲರರಿಗೆ ಎಚ್ಚರಿಕೆ ಕೊಟ್ಟಿವೆ. ಗೋದಾಮಿನಿಂದ ಶೋರೂಮಿಗೆ ಕಾರು ತಂದ ಖರ್ಚು ಮಾರುವವನ ಖರ್ಚೇ ಹೊರತು ಕೊಳ್ಳುವವನದಲ್ಲ.

ಮರಳಿ ಬಂದ ಸರದಿ

ಇನ್ನು ನಮ್ಮ ದಸರೆಯ ಕತೆಗೆ ಬರೋಣ. 2021–22ರಲ್ಲಿ ಜಗತ್ತಿನಾದ್ಯಂತ ಸೆಮಿಕಂಡಕ್ಟರ್ ಚಿಪ್ಪುಗಳ ಕೊರತೆಯಾಗಿ ಕಾರುಗಳ ತಯಾರಿಕೆ ಕುಂಠಿತವಾಯಿತು. ಕೆಲವು ಮಾದರಿಗಳಿಗೆ ವರ್ಷಕ್ಕೂ ಮೀರಿ ಕಾಯಬೇಕಾಯಿತು. ಒಂದು ತಲೆಮಾರು ಮರೆತಿದ್ದ ‘ವೇಟಿಂಗ್’ ಎಂಬ ಶಬ್ದ ಮತ್ತೆ ಚಲಾವಣೆಗೆ ಬಂತು. ಸರದಿ ಮರಳಿದ ಕ್ಷಣವೇ ಸರದಿಯ ಪುಸ್ತಕವೂ ಡೀಲರನ ಕಪಾಟಿಗೆ ಮರಳಿತು. ವಿಮೆ ಇಲ್ಲೇ ಮಾಡಿಸಿದವರಿಗೆ ಮೊದಲು, ಕಿಟ್ ತೆಗೆದುಕೊಂಡವರಿಗೆ ಮೊದಲು. ‘ಆನ್’ ಈಗ ಕಪ್ಪು ಹಣವಾಗಿರಲಿಲ್ಲ. ಅದಕ್ಕೆ ರಸೀತಿಯೂ ಇತ್ತು, ಜಿಎಸ್‌ಟಿಯೂ ಇತ್ತು.

ಆ ತರುಣ ಎರಡನೆಯ ಭೇಟಿಯಲ್ಲಿ ಸ್ವಲ್ಪ ಸಲಿಗೆಯಿಂದ ಹೇಳಿದ: ಕಾರಿನ ಮೇಲೆ ತನಗೆ ಸಿಗುವುದು ಅಷ್ಟಕ್ಕಷ್ಟೆ, ವಿಮೆ ಹೊರಗೆ ಹೋದರೆ ತಿಂಗಳ ಇನ್ಸೆಂಟಿವ್ ಹೋಗುತ್ತದೆ, ಮನೆಯಲ್ಲಿ ತಾಯಿಗೆ ಹುಷಾರಿಲ್ಲ. ನಮ್ಮ ತಂದೆಯವರ ಮುಂದೆ ಕುಳಿತಿದ್ದ ಅರಿವೆ ವ್ಯಾಪಾರಿಗೂ ಈ ಹುಡುಗನಿಗೂ ಹೋಲಿಕೆಯಿರಲಿಲ್ಲ. ಅವನು ಹೋಲುತ್ತಿದ್ದುದು ತಂದೆಯವರನ್ನೇ.

ನಾವು ಸಾಲುಸಾಲಿನ ವಿವರವನ್ನು ಬರವಣಿಗೆಯಲ್ಲಿ ಕೇಳಿದೆವು. ವಿಮೆ ಕಡ್ಡಾಯವಾಗಿ ಇಲ್ಲೇ ಎಂಬುದನ್ನು ಲೆಟರ್‌ಹೆಡ್ಡಿನ ಮೇಲೆ ಬರೆದುಕೊಡಿ ಎಂದೆವು. ಯಾರೂ ಬರೆದುಕೊಡಲಿಲ್ಲ. ಬದಲಿಗೆ ಮ್ಯಾನೇಜರರು ಬಂದು ಹ್ಯಾಂಡ್ಲಿಂಗ್ ಚಾರ್ಜಿನ ಸಾಲನ್ನು ತಾವೇ ಹೊಡೆದುಹಾಕಿದರು. ಅದೇ ವಿಮೆ ಹೊರಗೆ ಸುಮಾರು ₹15,000 ಕಡಿಮೆಗೆ ಸಿಕ್ಕಿತು. ವರ್ಗಾವಣೆಯ ನೌಕರಿಯಾದ್ದರಿಂದ ಬಿಎಚ್ ಸರಣಿಯ ನೋಂದಣಿ ಬೇಕೆಂದೆವು. ನಮ್ಮಂತಹ ಕೇಂದ್ರ ನೌಕರರಿಗೆ 2021ರ ಸೆಪ್ಟೆಂಬರಿನಿಂದ ದೊರೆತ ಸೌಲಭ್ಯವಿದು. ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟಿದರಾಯಿತು, ರಾಜ್ಯ ಬದಲಾದಾಗ ಮತ್ತೆ ನೋಂದಣಿ ಬೇಡ. ‘ತುಂಬಾ ತಡವಾಗುತ್ತದೆ’ ಎಂದ ಮಳಿಗೆಯವರು, ಅರ್ಜಿಯನ್ನು ನಾವೇ ತುಂಬಿ ಗುರುತಿನ ಚೀಟಿಯೊಡನೆ ಕೊಟ್ಟ ಮೇಲೆ ಕಳುಹಿಸಿದರು. ಹೊರನಾಡಿನಲ್ಲಿದ್ದು ರಜೆಗೆ ಊರಿಗೆ ಕಾರಿನಲ್ಲಿ ಹೋಗುವ ನಮ್ಮವರು ಅರ್ಹತೆಯಿದ್ದರೆ ಇದನ್ನು ಕೇಳಿ ಪಡೆಯುವುದು ಒಳ್ಳೆಯದು. ಹತ್ತು ಲಕ್ಷ ಮೀರಿದ ಕಾರಿಗೆ ಮಳಿಗೆಯಲ್ಲೇ ವಸೂಲು ಮಾಡುವ ಶೇ. 1ರಷ್ಟು ಟಿಸಿಎಸ್ ಮೊತ್ತವೂ ಖರ್ಚಲ್ಲ. ಆದಾಯ ತೆರಿಗೆ ವಿವರಣೆಯಲ್ಲಿ ಅದನ್ನು ವಜಾ ಪಡೆಯಬಹುದು. ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಇಷ್ಟೆಲ್ಲ ಆದಮೇಲೂ ‘ಎಸೆನ್ಷಿಯಲ್ ಕಿಟ್’ ಎಂಬ ಸಾಲಿಗೆ ನಾವು ಹಣ ಕೊಟ್ಟೆವು. ಕಾಲೊರಸು, ಕೊಳೆತಡೆ, ಒಂದು ಸುಗಂಧದ ಡಬ್ಬಿ. ಅದು ಬೇಡವೆಂದು ಗಟ್ಟಿಯಾಗಿ ಹೇಳಿದ್ದರೆ ಗಾಡಿ ದೀಪಾವಳಿಯಾಚೆ ಹೋಗುತ್ತಿತ್ತೇನೋ. ಆಯುಧಪೂಜೆಗೆ ಕಾರು ಮನೆಯ ಮುಂದಿರಬೇಕೆಂದು ಮನೆಯವರಿಗೆಲ್ಲ ಆಸೆ, ನಮಗೂ ಆಸೆ. ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದಿತ್ತು, ಕೊಡಲಿಲ್ಲ. ಕಾನೂನು ಬಲ್ಲವರು, ಕಡತ ಬಲ್ಲವರು ನಾವು ಸಹಿ ಹಾಕಿದೆವು. ಖಾಲಿ ಅರ್ಜಿಗೆ ಸಹಿ ಹಾಕಿದ ತಂದೆಯವರಿಗೆ ಅಜ್ಜಿಯ ಕಣ್ಣಿನ ಕಾರಣವಾದರೂ ಇತ್ತು.

ಇತಿಹಾಸದಿಂದ ನಾವು ಕಲಿಯುವುದೇನು? ನಿಯಂತ್ರಣದ ಕಾಲದಲ್ಲಿ ಎಲ್ಲವೂ ಕೆಟ್ಟಿತ್ತು, ಮುಕ್ತ ಮಾರುಕಟ್ಟೆಯಲ್ಲಿ ಎಲ್ಲವೂ ಸರಿಹೋಯಿತು ಎಂಬುದು ಸುಲಭದ ಕತೆ. ಅಂದು ಎಲ್ಲರಿಗೂ ಒಂದೇ ಬೆಲೆಯಿತ್ತು, ಈಗ ಸುಲಿಗೆ ನಡೆದಿದೆ ಎಂಬುದೂ ಅಷ್ಟೇ ಸುಲಭದ ಕತೆ. ಎರಡು ಕಾಲಗಳಲ್ಲೂ ಕೊಳ್ಳುವವನು ಸೋತದ್ದು ಒಂದೇ ಕಡೆ, ತನಗೆ ಸಂಬಂಧಪಟ್ಟ ಕಾಗದ ತನ್ನ ಕೈಯಲ್ಲಿ ಇಲ್ಲದ ಕಡೆ. ಅಂದು ಅದು ಸರದಿಯ ಪುಸ್ತಕ, ಇಂದು ಬೆಲೆಯ ಒಡೆದ ಲೆಕ್ಕ. ಆ ಕಾಗದ ಬಯಲಿಗೆ ಬಂದಾಗಲೆಲ್ಲ, ಮಾರುತಿಯ ಚೀಟಿ ಎತ್ತುವಿಕೆಯಲ್ಲಾಗಲಿ ಸ್ಪರ್ಧಾ ಆಯೋಗದ ಆದೇಶದಲ್ಲಾಗಲಿ, ಕೊಳ್ಳುವವನ ಬೆನ್ನು ಒಂದಿಷ್ಟು ನೆಟ್ಟಗಾಗಿದೆ. ಆದ್ದರಿಂದ ಶೋರೂಮಿಗೆ ಹೋಗುವವರಿಗೆ ನಮ್ಮದೊಂದೇ ವಿನಂತಿ. ಮೊದಲು ರಿಯಾಯಿತಿ ಕೇಳಬೇಡಿ, ಸಾಲುಸಾಲಿನ ಲೆಕ್ಕವನ್ನು ಸಹಿಯೊಡನೆ ಕೇಳಿ. ಮತ್ತು ಹಬ್ಬದ ದಿನವನ್ನು ಬಾಯಿಬಿಟ್ಟು ಹೇಳಬೇಡಿ.

2023ರ ಅಕ್ಟೋಬರಿನ ಕೊನೆಗೆ ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ನಿವೃತ್ತವಾದಾಗ ಪತ್ರಿಕೆಗಳು ಆ ಕಾಲವನ್ನು ಪ್ರೀತಿಯಿಂದ ನೆನೆದವು. ನಮಗೆ ನೆನಪಾದದ್ದು ಕಾರು ಬಂದ ಸಂಜೆ ಅವ್ವನಿಗೆ ಮಾಡಿದ ಫೋನು. ಬೆಲೆ ಎಷ್ಟು, ಬಣ್ಣ ಯಾವುದು ಎಂದು ಅವರು ಕೇಳಲಿಲ್ಲ.

“ಗಾಡಿ ನಿನ್ನ ಹೆಸರಿನಾಗ ಐತೇನು?” ಎಂದರು.

ಹೌದೆಂದೆವು.

“ನೀನ ಓಡಸ್ತೀಯಲ್ಲ ಮತ್ತ?”